ಬರೆದು ಕೊಡದ ಮಾತು

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ನೀರಿನ ಸಂಪು ತೊಳೆಸಿದರು. ತೊಳೆದವರು ಹೋಗುವ ಮುಂಚೆ ಬ್ಲೀಚಿಂಗ್ ಪೌಡರನ್ನು ಧಾರಾಳವಾಗಿ ಸುರಿದು ಹೋಗಿದ್ದರು. ಮರುದಿನ ಬೆಳಿಗ್ಗೆ ಹಲ್ಲುಜ್ಜಲು ನಲ್ಲಿ ತಿರುವಿದರೆ ಆ ವಾಸನೆ ಗಪ್ಪಂತ ಮೂಗಿಗೆ ಹೊಡೆಯಿತು. ಬ್ರಶ್ಶು ಕೈಯಲ್ಲೇ ಉಳಿಯಿತು. ಹುಬ್ಬಳ್ಳಿಯ ಈ ಮೂರನೇ ಮಹಡಿಯಲ್ಲಿ ನಿಂತವಳಿಗೆ ನಾಗಪುರದ ಧರಮಪೇಠದ ಒಂದು ಹಳೆಯ ವಾಡೆ ನೆನಪಾಯಿತು. ಅದರ ಕಟ್ಟಿಗೆಯ ಮೆಟ್ಟಿಲಿಳಿದು, ಕೈಯಲ್ಲೊಂದು ಬ್ಲೀಚಿಂಗ್ ಪೌಡರಿನ ಪೊಟ್ಟಣ ಹಿಡಿದು ಬರುತ್ತಿದ್ದ ಡಾಕ್ಟರ್ ಕಾಕಾ ನೆನಪಾದರು. ನೆನಪಾಗಬೇಕಾದವರೇ. ಆದರೆ ನಾನಾಗಿ ಅವರನ್ನು ನೆನೆಯುವುದಿಲ್ಲ, ಅದಕ್ಕೆ ಕಾರಣವಿದೆ…

ಕಾಕಾ ಅಂದರೆ ಸಂಬಂಧಿಕರೇನಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಅಪ್ಪನಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ, ಧಾರವಾಡದಿಂದ ನಾಗಪುರಕ್ಕೆ ವರ್ಗವಾಗಿತ್ತು. ವಾಡೆಯ ಕೆಳಗಿನ ಎರಡು ಕೋಣೆ ನಮ್ಮವು, ಮೇಲಿನ ಕೋಣೆ ಅವರದು. ವಿಜಾಪುರದ ಕಡೆಯವರು, ಓಣಿಯ ತುದಿಯಲ್ಲೇ ದವಾಖಾನೆ. ಆ ಮರಾಠಿ ಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಬೇರೆಯವರು ಓಡಿ ಹೋಗಿ ಅಪ್ಪಿಕೊಳ್ಳುತ್ತಿದ್ದರು. ನಮ್ಮಪ್ಪ ಹಾಗಲ್ಲ. ಊರು ಬಿಟ್ಟು ಬಂದವನ ಹಿಂದೆ ಏನಾದರೂ ಒಂದು ಭಾನಗಡಿ ಇದ್ದೇ ಇರುತ್ತದೆ ಅನ್ನುವವನು ಅವನು. ತಾನೂ ಊರು ಬಿಟ್ಟು ಬಂದವನೇ ಅನ್ನುವುದು ಅವನ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಕಾಕಾ ಸಾದಾ ಡಾಕ್ಟರಲ್ಲ, ರೇಡಿಯೋದಲ್ಲಿ ಮಾತಾಡುವ ಡಾಕ್ಟರು. ತಿಂಗಳಿಗೋ ಎರಡು ತಿಂಗಳಿಗೋ ಒಂದು ಸಂಜೆ ಅವರ ಸರದಿ ಬರುತ್ತಿತ್ತು. ಊರಲ್ಲಿ ಆಗ ಯಾವ ಬೇನೆಯ ಸುದ್ದಿ ಇರುತ್ತದೋ ಅದರ ಮೇಲೆ ಮರಾಠಿಯಲ್ಲಿ ಹತ್ತು ನಿಮಿಷ. ಕಣ್ಣುಬೇನೆ ಬಂದರೆ ಕಣ್ಣು, ಬೇಸಿಗೆ ಬಂದರೆ ಬಿಸಿಗಾಳಿ. ಪೇಪರಿನವರೂ ಅವರನ್ನು ಕೇಳಿ ನಾಲ್ಕು ಸಾಲು ಹಾಕುತ್ತಿದ್ದರು. ಮನೆಯಲ್ಲಿ ವಿಜಾಪುರದ ಗಡುಸು ಕನ್ನಡ, ರೇಡಿಯೋದಲ್ಲಿ ಬೆಣ್ಣೆಯಂಥ ಮರಾಠಿ. ಒಬ್ಬ ಮನುಷ್ಯನಿಗೆ ಎರಡು ದನಿ ಯಾಕೆ ಅಂತ ಅಪ್ಪನಿಗೆ ಮೊದಲ ಅನುಮಾನ ಹುಟ್ಟಿದ್ದೇ ಅಲ್ಲಿ.

ಆಮೇಲೆ ಅನುಮಾನಕ್ಕೆ ಬರಗಾಲವೇ ಇರಲಿಲ್ಲ. ಚಹಾ ಕಡಿಮೆ ಮಾಡಿ ಅಂತ ರೇಡಿಯೋದಲ್ಲಿ ಹೇಳಿದವರು ನಮ್ಮ ಮನೆಗೆ ಬಂದು ಎರಡೆರಡು ಕಪ್ಪು ಕುಡಿದು ಹೋಗುತ್ತಿದ್ದರು. ಎಣ್ಣೆ ಖಾರ ಹೊಟ್ಟೆಗೆ ಶತ್ರು ಅಂತ ಹೇಳಿದ ವಾರವೇ ಅಪ್ಪ ಸೈಕಲ್ ಮೇಲೆ ಬರುವಾಗ ಅವರು ಸಾವಜಿ ಖಾನಾವಳಿಯಿಂದ ಮೂಗು ಒರೆಸಿಕೊಳ್ಳುತ್ತಾ ಹೊರಬಿದ್ದದ್ದನ್ನು ನೋಡಿಬಿಟ್ಟ. ಆ ಖಾರಕ್ಕೆ ಕಣ್ಣುಮೂಗಿನಲ್ಲಿ ನೀರು ಸುರಿಯದೆ ಯಾರೂ ಎದ್ದು ಬರುವುದಿಲ್ಲ. "ಹೇಳೂದು ಶಾಸ್ತ್ರ, ತಿನ್ನೂದು ಬದನೀಕಾಯಿ" ಅನ್ನುತ್ತಾ ಅಪ್ಪ ಒಂದು ವಾರ ನಕ್ಕ. ಅವ್ವನ ಅನುಮಾನ ಬೇರೆ ಜಾತಿಯದು. ಕಾಕಾನ ಹೆಂಡತಿ ವಿಜಾಪುರದಲ್ಲಿ ಸಾಲಿ ಟೀಚರು, ರಜೆಗಷ್ಟೇ ಬರುತ್ತಿದ್ದರು. ಗಂಡ ಡಾಕ್ಟರಿದ್ದು ಹೆಂಡತಿ ಯಾಕೆ ದೂರ ಇರಬೇಕು ಅಂತ ಅವ್ವ ಒಲೆಯ ಮುಂದೆ ಕೂತು ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಕೊಟ್ಟುಕೊಳ್ಳುತ್ತಿದ್ದಳು.

ನನಗೂ ಒಂದು ಸಿಟ್ಟಿತ್ತು, ಬಚ್ಚಿಡುವುದೇನು. ನನಗಾಗ ಹದಿನೇಳು. ಕಾಲೇಜು ಹುಡುಗಿಯರು ತೆಳ್ಳಗಾಗುವ ಹುಚ್ಚಿಗೆ ಊಟ ಬಿಟ್ಟು ರಕ್ತ ಕಡಿಮೆ ಮಾಡಿಕೊಳ್ಳುತ್ತಾರೆ ಅಂತ ಒಂದು ಸಂಜೆ ಕಾಕಾ ರೇಡಿಯೋದಲ್ಲಿ ಹೇಳಿದರು. ಅದರ ಹಿಂದಿನ ವಾರವಷ್ಟೇ ಅವ್ವ ಅವರ ಮುಂದೆ ನನ್ನ ಮೇಲೆ ಚಾಡಿ ಹೇಳಿದ್ದಳು. ಓಣಿಯ ಹೆಂಗಸರೆಲ್ಲ ಮರುದಿನ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಇಡೀ ನಾಗಪುರಕ್ಕೆ ನನ್ನ ಮಾನ ಹರಾಜಾಯಿತು ಅಂತ ಎರಡು ದಿನ ಅತ್ತೆ. ಅಂದಿನಿಂದ ಅವರು ಮೆಟ್ಟಿಲಿಳಿದು ಬಂದರೆ ನಾನು ಮುಖ ಗಂಟು ಹಾಕಿಕೊಂಡು ಒಳಗೆ ಹೋಗುತ್ತಿದ್ದೆ.

ಇನ್ನು ಅಪ್ಪನದೊಂದು ಸ್ವಭಾವ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಚೇರಿ ಅವನ ರಕ್ತಕ್ಕಿಳಿದಿತ್ತು. ಕಾಗದದ ಮೇಲೆ ಬರೆದು ಕೆಳಗೆ ಸಹಿ ಬಿದ್ದರೆ ಅದು ಮಾತು, ಉಳಿದದ್ದು ಗಾಳಿ. ವಾಡೆಯ ಮಾಲೀಕ ಹೆಂಚು ಹಾಕಿಸುತ್ತೇನೆ ಅಂದರೆ ಅಪ್ಪ ಒಳಗಿಂದ ಕಾಗದ ಪೆನ್ನು ತಂದು ಅವನ ಮುಂದಿಡುತ್ತಿದ್ದ. ಕಾಲೇಜಿನಿಂದ ರಾಮಟೇಕಕ್ಕೆ ಟ್ರಿಪ್ ಹೋಗಬೇಕಾದಾಗ ನಾನು ಅವನಿಗೆ ಅರ್ಜಿ ಬರೆದುಕೊಟ್ಟಿದ್ದೇನೆ, ಅದರ ಮೇಲೆ ಅವನು 'ಮಂಜೂರು' ಅಂತ ಬರೆದದ್ದೂ ಉಂಟು. ಹಾಗಾಗಿ ಕಾಕಾನನ್ನು ನಂಬದ ಅಪ್ಪ ರೇಡಿಯೋವನ್ನು ಮಾತ್ರ ನಂಬುತ್ತಿದ್ದ. ಅಲ್ಲಿ ಮೊದಲು ಬರೆದು ಕೊಡಬೇಕು, ಮೇಲಿನವರು ಓದಿ ಸಹಿ ಹಾಕಬೇಕು, ಆಮೇಲೆ ಬಾಯಿ ತೆಗೆಯಬೇಕು ಅಂತ ಯಾರೋ ಅವನಿಗೆ ಹೇಳಿದ್ದರು. ಅದು ಅವನ ಮನಸ್ಸಿಗೆ ಬರೋಬರ್ ಒಪ್ಪಿಬಿಟ್ಟಿತ್ತು.

ಆ ವರ್ಷ ಮೇ ತಿಂಗಳಲ್ಲಿ ಅಕ್ಕ ಬಂದಳು. ಗದಗಿಗೆ ಕೊಟ್ಟಿದ್ದೆವು, ಚೊಚ್ಚಲ ಬಸಿರು. ಏಳರಲ್ಲಿ ಕುಬಸ ಮಾಡಿ, ಹಸಿರು ಸೀರೆ ಹಸಿರು ಬಳೆಯಲ್ಲೇ ಹೆರಿಗೆಗೆ ಅಂತ ಕರೆದುಕೊಂಡು ಬಂದೆವು. ನಾಗಪುರದ ಮೇ ತಿಂಗಳಿಗೆ ಬಸಿರು ಹೆಂಗಸನ್ನು ತರಬಾರದಾಗಿತ್ತು. ಆದರೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ತವರು ಎಲ್ಲಿಗೆ ವರ್ಗವಾಗಿದೆಯೋ ಅಲ್ಲಿಗೆ ಬರಬೇಕು. ಅಕ್ಕ ನೀರಿನ ಮಾಠದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಒದ್ದೆ ಬಟ್ಟೆ ಸುತ್ತಿದ ಆ ಮಣ್ಣಿನ ಕೊಡದ ತಣ್ಣೀರು ಅವಳಿಗೆ ಅಮೃತ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಇವನಿಗೂ ಬೇಕಂತ ನೋಡು ಅನ್ನುತ್ತಾ ಇನ್ನೊಂದು ಲೋಟ ಕುಡಿಯುತ್ತಿದ್ದಳು.

ಜೂನ್ ಹೊಸ್ತಿಲಲ್ಲಿ ನಮ್ಮ ಓಣಿಗೆ ಕಾಮಣಿ ಬಂತು. ಮೊದಲು ಎದುರುಮನೆಯ ಮುದುಕ, ಆಮೇಲೆ ಇಸ್ತ್ರಿಯವನ ಮನೆಯ ಇಬ್ಬರು. ಕಣ್ಣು ಉಗುರು ಎಲ್ಲ ಹಳದಿ. ಮೂರನೆಯ ದಿನ ಬೆಳಿಗ್ಗೆ ಕಾಕಾ ಬ್ಲೀಚಿಂಗ್ ಪೌಡರಿನ ಪೊಟ್ಟಣ ಹಿಡಿದು ಇಳಿದು ಬಂದರು. ವಾಡೆಯ ಟಾಕಿಗೆ ತಾವೇ ಕಲಸಿ ಹಾಕಿದರು. ಓಣಿಯ ನಲ್ಲಿ ಪೈಪು ಗಟಾರದೊಳಗಿಂದ ಬಂದಿದೆ, ಎಲ್ಲೋ ಒಡೆದಿರಬೇಕು ಅಂದರು. ನೀರನ್ನು ಕೊತಕೊತ ಕುದಿಸಿಯೇ ಕುಡಿಯಬೇಕು, ಅಕ್ಕನಿಗಂತೂ ಹಸಿ ನೀರು ಒಂದು ಹನಿ ಕೊಡಬಾರದು ಅಂತ ಅವ್ವನಿಗೆ ಎರಡೆರಡು ಸಲ ಹೇಳಿದರು. ಬಸಿರು ಹೆಂಗಸಿಗೆ ಈ ಬೇನೆ ಬಂದರೆ ತಾಯಿಗೂ ಕೂಸಿಗೂ ಜೀವಕ್ಕೇ ಅಪಾಯ ಅಂದಾಗ ಅವ್ವನ ಮುಖ ಸಪ್ಪಗಾಯಿತು.

ಅಪ್ಪ ದಾಡಿ ಮಾಡಿಕೊಳ್ಳುತ್ತಿದ್ದವನು ಮುಖದ ತುಂಬ ಸೋಪಿನ ನೊರೆ ಇಟ್ಟುಕೊಂಡೇ ಎದ್ದು ಬಂದ. "ಇಷ್ಟ ಖಾತ್ರಿ ಇದ್ರ ರೇಡಿಯೋದಾಗ ಹೇಳ್ರಲ್ಲಾ ಡಾಕ್ಟರ್ ಸಾಹೇಬ್ರ. ಅಲ್ಲಿ ಹೇಳ್ರಿ, ನಾ ಕೇಳತೇನಿ" ಅಂದ. ಕಾಕಾ ನಕ್ಕು, ಪೌಡರಿನ ಪೊಟ್ಟಣ ಮಡಚಿಕೊಂಡು ಮೆಟ್ಟಿಲು ಹತ್ತಿದರು. ಅವರು ಹೋದ ಮೇಲೆ ಅಪ್ಪ ಶುರು ಹಚ್ಚಿದ: ಊರಿಗೆಲ್ಲ ಹೇಳುವವನು ಇದನ್ನು ಮಾತ್ರ ಮೆಟ್ಟಿಲ ಮೇಲೆ ಪಿಸುಪಿಸು ಯಾಕೆ ಹೇಳಬೇಕು? ಹೆದರಿಸಿದರೆ ದವಾಖಾನೆಗೆ ಜನ ಹೆಚ್ಚು ಬರುತ್ತಾರೆ, ಅಷ್ಟೇ.

ಆದರೂ ಅವ್ವ ನೀರು ಕುದಿಸತೊಡಗಿದಳು. ಅನುಮಾನ ಎಷ್ಟೇ ಇರಲಿ, ಮಗಳ ಹೊಟ್ಟೆಯ ವಿಷಯ. ಬೆಳಗಿನಿಂದ ಸೀಮೆಎಣ್ಣೆಯ ಸ್ಟವ್ ಭರ್ರೆನ್ನುತ್ತಿತ್ತು, ಆ ಬಿಸಿಲಲ್ಲಿ ಎರಡು ಕೋಣೆ ಕಾದ ಹಂಚಾಗಿತ್ತು. ಕುದಿಸಿದ ನೀರು ಸಂಜೆಯಾದರೂ ಆರುತ್ತಿರಲಿಲ್ಲ. ಹೊಗೆ ನಾರುತ್ತದೆ, ಗಂಟಲಿಗೆ ಇಳಿಯುವುದಿಲ್ಲ ಅಂತ ಅಕ್ಕ ಅಳುತ್ತಿದ್ದಳು. ಒಂದು ಲೋಟ, ಒಂದೇ ಒಂದು ಲೋಟ ತಣ್ಣೀರು ಕೊಡೇ ಅಂತ ನನ್ನನ್ನು ಬೇಡುತ್ತಿದ್ದಳು. ನಾನು ಕೊಡಲಿಲ್ಲ. ಅಷ್ಟು ಮಟ್ಟಿಗೆ ನಾನೂ ಒಳ್ಳೆಯವಳೇ ಇದ್ದೆ.

ಹೀಗೆ ಐದಾರು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಅಪ್ಪ ಕಚೇರಿಯಲ್ಲಿದ್ದ, ಅವ್ವ ರೇಶನ್ ಅಂಗಡಿಯ ಪಾಳಿಯಲ್ಲಿದ್ದಳು, ಅಕ್ಕ ಒಳಗೆ ಮಲಗಿದ್ದಳು. ನಾನು ಮೆಟ್ಟಿಲ ಬುಡದಲ್ಲಿ ಕೂತು ಓದುತ್ತಿದ್ದೆ. ಕಾಕಾ ಲಗುಲಗು ಇಳಿದು ಬಂದವರು ನನ್ನ ಮುಂದೆ ನಿಂತರು. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಇವತ್ತ ಸಂಜೀಕ ನನ್ನ ಮಾತು ಬರತೈತಿ. ಅದು ಎಪ್ರಿಲ್‌ನಾಗ ರೆಕಾರ್ಡ್ ಮಾಡಿದ್ದು, ಬಿಸಲಿಂದು. ನಲ್ಲಿ ನೀರ ಕುಡೀರಿ, ಕುದಸೂದು ಬ್ಯಾಡ ಅಂದೇನಿ ಅದರಾಗ. ಈಗ ಅದು ಬರೋಬರ್ ಅಲ್ಲ. ತಡೀರಿ ಅಂತ ರೇಡಿಯೋದವರಿಗೆ ಪತ್ರ ಕೊಟ್ಟೇನಿ, ಮುಟ್ಟೈತೋ ಇಲ್ಲೋ ಗೊತ್ತಿಲ್ಲ. ನಿಮ್ಮಪ್ಪಗ ಹೇಳು, ರೇಡಿಯೋ ಕೇಳಿ ಕುದಸೂದು ಬಿಡಬ್ಯಾಡ್ರಿ ಅಂತ."

ನಾನು ನಮ್ಮಪ್ಪನ ಮಗಳು. ಬರೆದು ಕೊಡಿ ಕಾಕಾ, ಬಾಯಿಮಾತು ಅಪ್ಪ ಕೇಳುವುದಿಲ್ಲ ಅಂದೆ. ಅವರು ಜೇಬು ಮುಟ್ಟಿ ಪೆನ್ನು ಹುಡುಕಿದರು. ಅಷ್ಟರಲ್ಲಿ ಓಣಿಯ ತುದಿಯಿಂದ ಯಾರೋ, ಡಾಕ್ಟರ್‌ಸಾಬ್ ಜಲ್ದಿ ಬನ್ನಿ ಅಂತ ಹಿಂದಿಯಲ್ಲಿ ಕೂಗಿದರು. "ಶಾಣ್ಯಾಕಿ ಇದ್ದೀ, ನೀ ಹೇಳಿದ್ರ ಸಾಕು" ಅಂತ ನನ್ನ ತಲೆ ಮುಟ್ಟಿ ಅವರು ಓಡಿದರು.

ಅವರ ಬೆನ್ನು ನೋಡುತ್ತಾ ಕೂತೆ. ಬರೆದು ಕೊಡಲಿಲ್ಲ ನೋಡು ಅನ್ನಿಸಿತು. ರೇಡಿಯೋದಲ್ಲಿ ಒಂದು, ಮೆಟ್ಟಿಲ ಮೇಲೆ ಒಂದು. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಎರಡೂ ಕಡೆ ಹೇಳಿದ್ದೆ ಅನ್ನಬಹುದಲ್ಲ, ಅದಕ್ಕೇ ನನ್ನ ತಲೆಗೆ ಕಟ್ಟಿ ಹೋದರು ಅನ್ನಿಸಿತು. ಅಪ್ಪನ ಮುಂದೆ ಇದನ್ನು ಹೇಳಿದರೆ, ಏನವ್ವಾ, ಡಾಕ್ಟರ ವಕೀಲಕಿ ಹಿಡಿದೆಯಾ ಅಂತ ನನ್ನನ್ನೇ ಹಂಗಿಸುತ್ತಾನೆ ಅನ್ನುವುದೂ ಇತ್ತು. ಹಳೆಯ ಸಿಟ್ಟಂತೂ ಇದ್ದೇ ಇತ್ತು. ಇವೆಲ್ಲ ಸೇರಿಯೋ, ಯಾವುದೋ ಒಂದೇ ಸಾಕಾಯಿತೋ… ಸಂಜೆ ಅಪ್ಪ ಬಂದ, ಅವ್ವ ಬಂದಳು, ಚಹಾ ಆಯಿತು. ನಾನು ಹೇಳಲಿಲ್ಲ.

ಆರೂವರೆಗೆ ರೇಡಿಯೋ ಹಚ್ಚಿದರು. ಕಾಕಾನ ಬೆಣ್ಣೆಯಂಥ ಮರಾಠಿ ಬಂತು. ಬಿಸಿಲಿಗೆ ಹೆದರಬೇಡಿ, ನೀರು ಚೆನ್ನಾಗಿ ಕುಡಿಯಿರಿ. ನಮ್ಮ ಊರಿನ ನಲ್ಲಿಯ ನೀರು ಶುದ್ಧ ಮಾಡಿದ್ದು, ಕುದಿಸುವ ಅಗತ್ಯವಿಲ್ಲ. ಮಾಠದ ತಣ್ಣೀರು ಎಲ್ಲಕ್ಕಿಂತ ಒಳ್ಳೆಯದು, ಬಸಿರು ಹೆಂಗಸರಂತೂ ಮೇಲಿಂದ ಮೇಲೆ ಕುಡಿಯಬೇಕು. ಅಪ್ಪ ತೊಡೆ ತಟ್ಟಿಕೊಂಡು ಎದ್ದ. ನೋಡಿದಿರಾ, ಸಹಿ ಬೀಳುವ ಕಡೆ ಖರೆ ಬಾಯಿಗೆ ಬಂತು ಅಂದ. ಸ್ಟವ್ ಆರಿಸು ಅಂತ ಅವ್ವನಿಗೆ ಹೇಳಿದ. ಅವ್ವ ಒಂದು ಕ್ಷಣ ಹಿಂದುಮುಂದು ನೋಡಿದಳು, ಆಮೇಲೆ ಆರಿಸಿದಳು. ಮಾಠಕ್ಕೆ ನಲ್ಲಿಯ ನೀರು ತುಂಬಿದವಳು ನಾನೇ. ಅಕ್ಕ ಮೂರು ಲೋಟ ಒಂದೇ ಸವನೆ ಕುಡಿದು, ಜೀವ ಬಂದಂಗಾತು ಅಂದಳು. ಆಗಲಾದರೂ ಹೇಳಬಹುದಿತ್ತು, ಸುಳ್ಳೇಕೆ ಹೇಳಲಿ. ಲೋಟ ತೊಳೆದು ಮಾಠದ ಮೇಲೆ ಬೋರಲು ಹಾಕಿದೆ.

ಒಂದು ತಿಂಗಳು ಏನೂ ಆಗಲಿಲ್ಲ. ಮಳೆ ಹಿಡಿಯಿತು, ಓಣಿಯ ಪೈಪು ಸರಿ ಮಾಡಿಸಿದರು, ಇಸ್ತ್ರಿಯವನ ಮನೆಯವರು ಎದ್ದು ಓಡಾಡತೊಡಗಿದರು. ನಾನೇ ಜಾಣೆ ಅಂದುಕೊಂಡೆ. ಆಮೇಲೆ ಒಂದು ಬೆಳಿಗ್ಗೆ ಅಕ್ಕ ಬಚ್ಚಲಿನ ಕಟ್ಟೆಯ ಮೇಲೆ ಕೂತು ವಾಂತಿ ಮಾಡಿಕೊಳ್ಳುತ್ತಿದ್ದಳು. ಮೆಟ್ಟಿಲಿಳಿಯುತ್ತಿದ್ದ ಕಾಕಾ ಅವಳ ಕಣ್ಣು ನೋಡಿ ಅಲ್ಲೇ ನಿಂತರು. ಅಪ್ಪನನ್ನು ಕೇಳದೆ ಆಟೋ ತರಿಸಿದರು, ತಾವೇ ಅವಳನ್ನು ಹಿಡಿದು ಹತ್ತಿಸಿಕೊಂಡು ದೊಡ್ಡ ದವಾಖಾನೆಗೆ ಒಯ್ದರು. ಮರುದಿನ ಗಂಡು ಕೂಸು ಹುಟ್ಟಿತು, ಉಸಿರಿರಲಿಲ್ಲ. ಅಕ್ಕ ಒಂಬತ್ತು ದಿನ ಎಚ್ಚರವಿಲ್ಲದೆ ಬಿದ್ದಿದ್ದಳು. ಎಚ್ಚರಾದ ಮೇಲೆ ಮೊದಲು ಕೈ ಹೊಟ್ಟೆಯ ಮೇಲೆ ಇಟ್ಟು ನೋಡಿಕೊಂಡಳು.

ಅಕ್ಕನನ್ನು ಮನೆಗೆ ತಂದ ಮರುದಿನ ಕಾಕಾ ನೋಡಲು ಬಂದರು. ಅಪ್ಪ ಕೂಡ್ರಿ ಅನ್ನಲಿಲ್ಲ. ನಾನು ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದೆ. ರೇಡಿಯೋದಲ್ಲಿ ಹಾಗೆ ಯಾಕೆ ಹೇಳಿದಿರಿ ಅಂತ ಅಪ್ಪ ಕೇಳಿದ. ಎಪ್ರಿಲ್‌ನಲ್ಲಿ ರೆಕಾರ್ಡ್ ಆದದ್ದು, ತಡೆಯಿರಿ ಅಂತ ಪತ್ರ ಬರೆದಿದ್ದೆ, ಅದು ಯಾಕೋ ಮುಟ್ಟಲಿಲ್ಲ ಅಂದರು ಕಾಕಾ. ಪತ್ರದ ಕಾಪಿ ತೋರಿಸಿ ಅಂದ ಅಪ್ಪ. ಕಾಪಿ ಇರಲಿಲ್ಲ. ಕಾಪಿ ಇಟ್ಟುಕೊಳ್ಳದೆ ಯಾರಾದರೂ ಪತ್ರ ಬರೆಯುತ್ತಾರೆಯೇ ಅಂತ ಅಪ್ಪ ನಕ್ಕ. ಅಂಥ ನಗೆಯನ್ನು ಅವನ ಮುಖದಲ್ಲಿ ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಆಮೇಲೆ ಅವನ ದನಿ ಒಡೆಯಿತು.

"ಪತ್ರ ಹಾಳಾಗಿ ಹೋಗ್ಲಿ. ಹತ್ತ ಮೆಟ್ಟಲಾ ಇಳದ ಬಂದು, ಅದು ಹಳೇ ರೆಕಾರ್ಡ್ ಐತಿ ಅಂತ ನಮಗ ಒಂದ ಮಾತ ಹೇಳಾಕ ಏನಾಗಿತ್ರಿ ನಿಮಗ?"

ಕಾಕಾ ತಲೆಯೆತ್ತಿದರು. ನನ್ನನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ ಹೇಳಲಾರೆ. ಇನ್ನೇನು ಹೇಳುತ್ತಾರೆ, ಅಪ್ಪ ನನ್ನತ್ತ ತಿರುಗುತ್ತಾನೆ, ಒಳಗೆ ಮಲಗಿದ ಅಕ್ಕನಿಗೆ ಕೇಳಿಸುತ್ತದೆ… ಅವರು ಕಣ್ಣು ತೆಗೆದು ನೆಲ ನೋಡಿದರು.

"ಹೇಳಬೇಕಾಗಿತ್ರಿ ಅಣ್ಣಾರ. ತಪ್ಪಾತು" ಅಂದರು.

ಆಮೇಲೆ ಅವರು ರೇಡಿಯೋದಲ್ಲಿ ಮಾತಾಡಲಿಲ್ಲ. ಸಂಜೆ ಬೇರೆ ಯಾರದೋ ದನಿ ಬರುತ್ತಿತ್ತು, ಅಪ್ಪ ತಿರುವಿ ಬಂದ್ ಮಾಡುತ್ತಿದ್ದ. ದೀಪಾವಳಿಯ ಹೊತ್ತಿಗೆ ಅವರು ಕೋಣೆ ಖಾಲಿ ಮಾಡಿ ವಿಜಾಪುರಕ್ಕೆ ಹೊರಟರು. ಓಣಿಯಲ್ಲಿ ಮಾತು ಅಷ್ಟರಮಟ್ಟಿಗೆ ಹಬ್ಬಿತ್ತು, ದವಾಖಾನೆಗೆ ಹೋಗುವವರೇ ಕಡಿಮೆಯಾಗಿದ್ದರು. ಹೊರಡುವ ದಿನ ಹೇಳಿಬಿಡಬೇಕು ಅಂತ ನಾನು ಅರ್ಧ ಮೆಟ್ಟಿಲು ಹತ್ತಿದೆ. ಮೇಲೆ ಅವರು ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದರು. ನನ್ನನ್ನು ನೋಡಿ, ಚೆಂದಂಗ ಓದವಾ ಅಂದರು. ಹೂಂ ಅಂದು ಇಳಿದು ಬಂದೆ.

ನನ್ನ ಗುಣ ನೋಡಿ, ಅಂಥ ಮನುಷ್ಯನನ್ನೂ ನಾನು ವರ್ಷಗಟ್ಟಲೆ ಅನುಮಾನದಿಂದಲೇ ನೋಡಿದೆ. ನನ್ನನ್ನು ಉಳಿಸಲು ಸುಮ್ಮನಾದರೋ, ಪತ್ರವನ್ನೇ ಬರೆದಿರಲಿಲ್ಲವಾದ್ದರಿಂದ ಸುಮ್ಮನಾದರೋ? ಹುಡುಗಿಯ ಮಾತಿನ ಮುಂದೆ ತನ್ನ ಮಾತು ನಡೆಯದು ಅಂತ ಲೆಕ್ಕ ಹಾಕಿದರೋ? ಹೀಗೆ ಯೋಚಿಸಿದರೆ ರಾತ್ರಿ ನಿದ್ದೆ ಬರುತ್ತಿತ್ತು, ಅದಕ್ಕೇ ಯೋಚಿಸುತ್ತಿದ್ದೆ. ಕಾಮಣಿ ಮೈಯೊಳಗೆ ಹೊಕ್ಕು ವಾರಗಟ್ಟಲೆ ಅಡಗಿರುತ್ತದೆ, ಕುದಿಸಲು ಶುರು ಮಾಡುವ ಮೊದಲೇ ನಿಮ್ಮಕ್ಕನಿಗೆ ಹೊಕ್ಕಿರಬಹುದು ಅಂತ ಎಷ್ಟೋ ವರ್ಷದ ಮೇಲೆ ಒಬ್ಬ ಡಾಕ್ಟರು ನನಗೆ ಹೇಳಿದರು. ಸಮಾಧಾನಕ್ಕೆ ಹೇಳಿದ್ದೋ ನಿಜವೋ, ಆ ಮಾತನ್ನೂ ನಾನು ಪೂರ್ತಿ ನಂಬಲಿಲ್ಲ.

ಅಪ್ಪ ಸಾಯುವ ತನಕ ಕಾಕಾನನ್ನು ಸುಳ್ಳಬುರುಕ ಅಂದೇ ಕರೆದ. ಅವ್ವನೂ ಹೋದಳು. ಕಾಕಾ ಆಗಲೇ ನಡುವಯಸ್ಸು ದಾಟಿದ್ದರು, ಈಗ ಇರಲಾರರು. ಒಂದು ಸಲ ಮದುವೆಗೆ ಅಂತ ವಿಜಾಪುರಕ್ಕೆ ಹೋದಾಗ ಯಾರನ್ನಾದರೂ ಕೇಳಬೇಕು ಅಂದುಕೊಂಡಿದ್ದೆ, ಕೇಳಲಿಲ್ಲ. ನಾನು ಕ್ಷಮೆ ಕೇಳಬೇಕಾದವರಲ್ಲಿ ಉಳಿದವಳು ಈಗ ಅಕ್ಕ ಒಬ್ಬಳೇ. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ.

ಮೊನ್ನೆ ಗದಗಿನಿಂದ ಫೋನ್ ಮಾಡಿದ್ದಳು. ಟಿವಿಯಲ್ಲಿ ಯಾವುದೋ ಜ್ವರದ ಬಗ್ಗೆ ನಾಲ್ವರು ಡಾಕ್ಟರುಗಳು ಸಾಲಾಗಿ ಕೂತು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರಂತೆ. ಅವರನ್ನೆಲ್ಲ ಬೈದು, ಆಮೇಲೆ ಹಳೆಯದಕ್ಕೆ ಬಂದಳು.

"ಆ ಮ್ಯಾಲಿನ ಡಾಕ್ಟರ್ ನೆನಪದಾನಿಲ್ಲೇನ? ಅವತ್ತ ಒಂದ ಮಾತು ಬಂದು ಹೇಳಿದ್ದರ ನನ್ನ ಮಗಾ ಈಗ ನಲವತ್ತ ದಾಟಿರತಿದ್ದ."

ಹೂಂ ಅಕ್ಕಾ ಅಂದೆ. ಅವಳು ಈ ಮಾತು ತೆಗೆದಾಗಲೆಲ್ಲ ಹಾಗೇ ಅನ್ನುತ್ತಾ ಬಂದಿದ್ದೇನೆ.